ಕಾಲಿನ ಸಿರೆಗಳ ರಚನಾಭೇದ: ಎರಡು ಸಮ್ಮತಿಪತ್ರಗಳ ವಿಮರ್ಶೆ

೧

ಶರೀರರಚನಾಶಾಸ್ತ್ರದ ವಿದ್ಯಾರ್ಥಿ ಕಾಲಿನ ಸಿರೆಗಳ ಚಿತ್ರ ಬರೆಯುವಾಗ ಸಾಮಾನ್ಯವಾಗಿ ಎರಡು ಗೆರೆಗಳನ್ನು ಎಳೆಯುತ್ತಾನೆ. ಒಂದು, ಪಾದದ ಒಳ ಅಂಚಿನಿಂದ ಹೊರಟು, ಒಳಹರಡಿನ ಮುಂದೆ ಹಾದು, ಮೊಣಕಾಲಿನ ಒಳಮಗ್ಗುಲಲ್ಲಿ ಏರಿ, ತೊಡೆಸಂದಿನಲ್ಲಿ ಆಳದ ಸಿರೆಯನ್ನು ಕೂಡುವ ದೊಡ್ಡ ಸಫೀನಸ್ ಸಿರೆ. ಇನ್ನೊಂದು, ಹೊರಹರಡಿನ ಹಿಂದಿನಿಂದ ಮೀನಖಂಡದ ನಡುವೆ ಏರಿ, ಮೊಣಕಾಲಿನ ಹಿಂದಣ ಕುಳಿಯಲ್ಲಿ ಆಳಕ್ಕೆ ಇಳಿಯುವ ಚಿಕ್ಕ ಸಫೀನಸ್ ಸಿರೆ. ಗೆರೆಗಳು ನೇರವಾಗಿರುತ್ತವೆ, ಹೆಸರುಗಳು ಸ್ಪಷ್ಟವಾಗಿರುತ್ತವೆ, ಪರೀಕ್ಷಕರು ಪೂರ್ಣ ಅಂಕಗಳನ್ನೂ ಕೊಡುತ್ತಾರೆ. ಆದರೆ ಈ ಚಿತ್ರದಲ್ಲಿರುವ ಕಾಲು ಯಾರ ಕಾಲು ಎಂಬ ಪ್ರಶ್ನೆಯನ್ನು ನಾವು ತರಗತಿಯಲ್ಲಿ ಕೇಳುವುದು ವಿರಳ.

ಈ ಪ್ರಶ್ನೆಗೆ ಕಳೆದ ಕೆಲವು ದಶಕಗಳಲ್ಲಿ ಉತ್ತರ ಹುಡುಕಿದವರು ಬಹುಮಟ್ಟಿಗೆ ಅಂಗಚ್ಛೇದನದ ಮೇಜಿನ ಬಳಿ ನಿಂತವರಲ್ಲ. ಶ್ರವಣಾತೀತ ಧ್ವನಿಯ ಉಪಕರಣವನ್ನು, ಎಂದರೆ ರೂಢಿಯಲ್ಲಿ ಅಲ್ಟ್ರಾಸೌಂಡ್ ಎನ್ನುವುದನ್ನು, ಕೈಯಲ್ಲಿ ಹಿಡಿದು ಬದುಕಿರುವ ಮನುಷ್ಯನ ಕಾಲನ್ನು ಪರೀಕ್ಷಿಸಿದವರು. ಅವರ ಶ್ರಮದ ಸಾರವನ್ನು ಎರಡು ಸಮ್ಮತಿಪತ್ರಗಳಲ್ಲಿ ಕಾಣಬಹುದು. ಮೊದಲನೆಯದು, ೨೦೦೧ರಲ್ಲಿ ರೋಮ್ ನಗರದಲ್ಲಿ ಅಂತರರಾಷ್ಟ್ರೀಯ ಸಿರಾಶಾಸ್ತ್ರ ಸಂಘದ ಜಾಗತಿಕ ಸಮ್ಮೇಳನದ ಸಂದರ್ಭದಲ್ಲಿ ರೂಪುಗೊಂಡು, ೨೦೦೨ರಲ್ಲಿ ಪ್ರಕಟವಾದ ನಾಮಕರಣಪತ್ರ. ಕಜ್ಜಾತಿ ಮೊದಲಾದವರು ಇದರ ಕರ್ತೃಗಳು. ಎರಡನೆಯದು, ಅದೇ ಸಂಘದ ಪರವಾಗಿ ೨೦೦೬ರಲ್ಲಿ ಎರಡು ಭಾಗಗಳಲ್ಲಿ ಹೊರಬಂದ ಪರೀಕ್ಷಾಕ್ರಮಪತ್ರ. ಅದರ ಮೊದಲ ಭಾಗ ಮೂಲತತ್ತ್ವಗಳನ್ನೂ, ಎರಡನೆಯ ಭಾಗ ಅಂಗರಚನೆಯನ್ನೂ ಕುರಿತದ್ದು. ಈ ಎರಡು ಪತ್ರಗಳು ನಮ್ಮ ವಿದ್ಯೆಗೆ ಮಾಡಿದ ಉಪಕಾರವೇನು, ಅವುಗಳಲ್ಲಿ ಉಳಿದಿರುವ ಕೊರತೆ ಏನು ಎಂಬುದನ್ನು ಪರ್ಯಾಲೋಚಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಹೆಸರುಗಳ ವಿಚಾರ. ಹೆಸರಿನಲ್ಲೇನಿದೆ ಎನ್ನುವವರು ವೈದ್ಯಶಾಸ್ತ್ರದ ಈ ಒಂದು ಪ್ರಕರಣವನ್ನು ಗಮನಿಸಬೇಕು. ತೊಡೆಯ ಆಳದಲ್ಲಿ, ಸ್ನಾಯುಗಳ ನಡುವೆ, ಅಪಧಮನಿಯ ಜೊತೆಯಲ್ಲಿ ಸಾಗುವ ಪ್ರಧಾನ ಸಿರೆಯೊಂದಿದೆ. ಇದನ್ನು ಬಹುಕಾಲ ‘ಸೂಪರ್‌ಫಿಶಿಯಲ್ ಫೀಮರಲ್’ ಎಂದರೆ ‘ಮೇಲ್ಪದರದ ತೊಡೆಸಿರೆ’ ಎಂದು ಕರೆಯಲಾಗುತ್ತಿತ್ತು. ಆದರೆ ಅದು ಮೇಲ್ಪದರದ ಸಿರೆಯಲ್ಲ, ಆಳದ ಸಿರೆ. ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೆಪ್ಪಿನ ತುಣುಕು ಕಳಚಿ ಶ್ವಾಸಕೋಶವನ್ನು ಸೇರಿ ಪ್ರಾಣಾಪಾಯವನ್ನು ತರಬಹುದು. ಆದುದರಿಂದ ಹೆಪ್ಪುರೋಧಕ ಔಷಧಿಯನ್ನು ತಡಮಾಡದೆ ಕೊಡಬೇಕಾಗುತ್ತದೆ. ವರದಿಯಲ್ಲಿ ‘ಮೇಲ್ಪದರದ’ ಎಂಬ ಮಾತನ್ನು ಓದಿದ ವೈದ್ಯನು ಅಪಾಯವಿಲ್ಲವೆಂದು ಸುಮ್ಮನಾದರೆ ಅದು ಅವನ ತಪ್ಪೆ, ಹೆಸರಿನ ತಪ್ಪೆ? ೧೯೯೫ರಲ್ಲಿ ಬುಂಡೆನ್ಸ್ ಮತ್ತು ಅವರ ಸಂಗಡಿಗರು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಈ ಹೆಸರು ಪ್ರಾಣಹಾರಿಯಾಗಬಹುದಾದ ಅಪನಾಮವೆಂದು ಬರೆದರು. ೨೦೦೨ರ ಪತ್ರವು ಆ ವಿಶೇಷಣವನ್ನು ಕಿತ್ತುಹಾಕಿ ‘ಫೀಮರಲ್ ಸಿರೆ’ ಎಂದಷ್ಟೆ ಉಳಿಸಿತು. ಈ ಒಂದು ತಿದ್ದುಪಡಿಗಾಗಿಯೇ ಆ ಪತ್ರವನ್ನು ಆದರಿಸಬಹುದು.

ಎರಡನೆಯ ತಿದ್ದುಪಡಿಯೂ ಇಂಥದೇ. ಮೇಲ್ಪದರದ ಎರಡು ಸಫೀನಸ್ ಸಿರೆಗಳನ್ನು ಇಂಗ್ಲಿಷಿನಲ್ಲಿ ಕೆಲವರು ‘ಲಾಂಗ್’, ‘ಶಾರ್ಟ್’ ಎಂದೂ, ಕೆಲವರು ‘ಗ್ರೇಟರ್’, ‘ಲೆಸರ್’ ಎಂದೂ ಕರೆಯುತ್ತಿದ್ದರು. ಹೀಗಾಗಿ ‘ಎಲ್.ಎಸ್.ವಿ.’ ಎಂಬ ಸಂಕ್ಷೇಪ ಒಬ್ಬರ ಬರಹದಲ್ಲಿ ದೊಡ್ಡ ಸಿರೆಯನ್ನೂ ಇನ್ನೊಬ್ಬರ ಬರಹದಲ್ಲಿ ಚಿಕ್ಕ ಸಿರೆಯನ್ನೂ ಸೂಚಿಸುತ್ತಿತ್ತು. ಶಸ್ತ್ರವೈದ್ಯನ ಕೈಯಲ್ಲಿ ಇಂತಹ ದ್ವಂದ್ವಾರ್ಥ ಶ್ಲೇಷಾಲಂಕಾರವಾಗಿ ಉಳಿಯುವುದಿಲ್ಲ. ಹೊಸ ಪತ್ರವು ‘ಗ್ರೇಟ್’, ‘ಸ್ಮಾಲ್’ ಎಂಬ ಎರಡೇ ಮಾತುಗಳನ್ನು ನಿಲ್ಲಿಸಿತು. ಪೊರೆಯನ್ನು ತೂರಿ ಮೇಲಣ ಸಿರೆಗಳನ್ನು ಆಳದ ಸಿರೆಗಳಿಗೆ ಕೂಡಿಸುವ ಪರ್ಫೊರೇಟರ್ ಸಿರೆಗಳಿಗೆ ಕಾಕೆಟ್, ಬಾಯ್ಡ್, ಡಾಡ್, ಹಂಟರ್ ಎಂಬ ವ್ಯಕ್ತಿನಾಮಗಳು ಅಂಟಿಕೊಂಡಿದ್ದವು. ಅವನ್ನು ಬಿಟ್ಟು, ಸಿರೆ ಇರುವ ಸ್ಥಳದಿಂದಲೇ ಅದನ್ನು ಹೆಸರಿಸಬೇಕೆಂದು ಪತ್ರ ವಿಧಿಸುತ್ತದೆ. ಇದು ಒಪ್ಪತಕ್ಕ ಮಾತು. ಸ್ಥಳವನ್ನು ತಿಳಿಸುವ ಹೆಸರು ಬೆರಳಿಟ್ಟು ತೋರಿಸುತ್ತದೆ. ವ್ಯಕ್ತಿಯ ಹೆಸರು ಗ್ರಂಥಾಲಯಕ್ಕೆ ಕಳುಹಿಸುತ್ತದೆ.

ಆದರೆ ನಿಯಮವನ್ನು ಮಾಡಿದವರೇ ಅದನ್ನು ಪೂರ್ಣವಾಗಿ ಪಾಲಿಸಿಲ್ಲ. ತೊಡೆಯ ಹಿಂಭಾಗದಲ್ಲಿ ಚಿಕ್ಕ ಸಫೀನಸ್ ಸಿರೆಯ ಮೇಲ್ಮುಂದುವರಿಕೆಯನ್ನು ದೊಡ್ಡದಕ್ಕೆ ಬೆಸೆಯುವ ಸಿರೆಗೆ, ೧೮೭೩ರಲ್ಲಿ ಅದನ್ನು ವರ್ಣಿಸಿದ ಟ್ಯೂರಿನ್ ನಗರದ ಜಾಕೊಮಿನಿಯ ಹೆಸರು ೨೦೦೬ರ ಪತ್ರದಲ್ಲಿಯೂ ಉಳಿದುಕೊಂಡಿದೆ. ರೂಢಿಯ ಬಲ ಅಷ್ಟು. ‘ಸಫೀನಸ್’ ಎಂಬ ಮಾತಿನ ಕಥೆಯೂ ಸ್ವಾರಸ್ಯವಾದುದು. ಅದನ್ನು ‘ಎದ್ದು ಕಾಣುವುದು’ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಕೆಲವರೂ, ‘ಅಡಗಿರುವುದು’ ಎಂಬ ಅರ್ಥದ ಅರಬ್ಬೀ ಶಬ್ದದಿಂದ ಕೆಲವರೂ ಸಾಧಿಸುತ್ತಾರೆ. ಶಬ್ದಶಾಸ್ತ್ರದಲ್ಲಿ ಇವು ಪರಸ್ಪರ ವಿರುದ್ಧವಾದರೂ ಶರೀರದಲ್ಲಿ ಎರಡೂ ದಿಟವೇ: ಆ ಸಿರೆ ಹರಡಿನ ಬಳಿ ಕಣ್ಣಿಗೆ ಕಾಣುತ್ತದೆ, ತೊಡೆಯಲ್ಲಿ ಮರೆಯಾಗುತ್ತದೆ.

೩

ಹೆಸರಿನಿಂದ ರಚನೆಗೆ ಬರೋಣ. ೧೬೦೩ರಲ್ಲಿ ಪಾಡುವಾ ನಗರದ ಫಾಬ್ರಿಸಿಯಸ್ ಸಿರೆಗಳೊಳಗಿನ ಕವಾಟಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು. ಅವನು ಅವುಗಳನ್ನು ಲ್ಯಾಟಿನ್ ಭಾಷೆಯಲ್ಲಿ ‘ಚಿಕ್ಕ ಬಾಗಿಲುಗಳು’ ಎಂದು ಕರೆದನು. ನಮ್ಮ ‘ಕವಾಟ’ ಶಬ್ದದ ಅರ್ಥವೂ ಬಾಗಿಲೇ. ಬಾಗಿಲನ್ನು ಕಂಡರೂ ಅದು ಯಾವ ಕಡೆಗೆ ತೆರೆಯುತ್ತದೆಂಬುದರ ತಾತ್ಪರ್ಯ ಅವನಿಗೆ ಹೊಳೆಯಲಿಲ್ಲ. ರಕ್ತ ಅವಯವಗಳ ತುದಿಗೆ ರಭಸದಿಂದ ನುಗ್ಗದಂತೆ ಅವು ತಡೆಯುತ್ತವೆಂದು ಭಾವಿಸಿದನು. ರಕ್ತ ಸಿರೆಗಳಲ್ಲಿ ಹೃದಯದ ಕಡೆಗೇ ಹರಿಯುತ್ತದೆಂದು ತೋರಿಸಿದವನು ಅವನ ಶಿಷ್ಯ ಹಾರ್ವೆ; ಅವನ ಗ್ರಂಥ ಹೊರಬಂದುದು ೧೬೨೮ರಲ್ಲಿ. ರಚನೆಯನ್ನು ಸರಿಯಾಗಿ ಕಂಡು ಕ್ರಿಯೆಯನ್ನು ತಪ್ಪಾಗಿ ತಿಳಿಯುವುದು ಸಾಧ್ಯ ಎಂಬುದಕ್ಕೆ ಇದು ನಿದರ್ಶನ. ಈ ಎಚ್ಚರಿಕೆಯ ಅಗತ್ಯ ಮುಂದೆಯೂ ಬೀಳುತ್ತದೆ.

ನಿಂತ ಮನುಷ್ಯನ ಹರಡಿನ ಬಳಿಯ ಸಿರೆಯಲ್ಲಿ ಪಾದರಸದ ಸುಮಾರು ೮೦ರಿಂದ ೯೦ ಮಿಲಿಮೀಟರುಗಳಷ್ಟು ಒತ್ತಡವಿರುತ್ತದೆ. ನಡೆಯತೊಡಗಿದರೆ ಮೀನಖಂಡದ ಸ್ನಾಯುಗಳು ಆಳದ ಸಿರೆಗಳನ್ನು ಹಿಂಡುತ್ತವೆ, ರಕ್ತ ಮೇಲೇರುತ್ತದೆ, ಕವಾಟಗಳು ಮುಚ್ಚಿಕೊಂಡು ಅದು ಕೆಳಗೆ ಇಳಿಯದಂತೆ ತಡೆಯುತ್ತವೆ, ಒತ್ತಡ ೩೦ ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಕವಾಟಗಳು ಕೆಟ್ಟರೆ ಒತ್ತಡ ಹೀಗೆ ಇಳಿಯುವುದಿಲ್ಲ. ಆಗ ಸಿರೆಗಳು ಉಬ್ಬಿ ಸುರುಳಿಯಾಗುತ್ತವೆ, ಸಂಜೆಗೆ ಕಾಲು ಬಾತುಕೊಳ್ಳುತ್ತದೆ, ಚರ್ಮ ಕಪ್ಪಿಡುತ್ತದೆ, ಕೊನೆಗೆ ಹರಡಿನ ಬಳಿ ಮಾಯದ ಹುಣ್ಣಾಗುತ್ತದೆ. ಇದನ್ನೇ ಸಿರೆಗಳ ಅಸಮರ್ಥತೆ ಎನ್ನುವುದು.

ಈ ಅಸಮರ್ಥತೆ ತೊಡೆಸಂದಿನ ಸಂಗಮದಲ್ಲಿ ಆರಂಭವಾಗಿ ಕೆಳಗಿಳಿಯುತ್ತದೆಂಬ ಮತ ಬಹುಕಾಲ ಪ್ರಬಲವಾಗಿತ್ತು. ೧೮೯೧ರಲ್ಲಿ ಜರ್ಮನಿಯ ಟ್ರೆಂಡೆಲೆನ್‌ಬುರ್ಗ್ ದೊಡ್ಡ ಸಫೀನಸ್ ಸಿರೆಯನ್ನು ತೊಡೆಯಲ್ಲಿ ಕಟ್ಟುವ ಚಿಕಿತ್ಸೆಯನ್ನು ಪ್ರಕಟಿಸಿದ ಮೇಲೆ ಆ ಮತಕ್ಕೆ ಶಸ್ತ್ರದ ಬೆಂಬಲವೂ ದೊರೆಯಿತು. ಆದರೆ ೧೯೯೭ರಲ್ಲಿ ಲಾಬ್ರೊಪೂಲೋಸ್ ಮತ್ತು ಸಂಗಡಿಗರು ಹಿಮ್ಮುಖ ಪ್ರವಾಹ ಎಲ್ಲಿ ಮೊದಲಾಗುತ್ತದೆ ಎಂಬ ಪ್ರಶ್ನೆಯನ್ನೇ ಎತ್ತಿಕೊಂಡು ಅಲ್ಟ್ರಾಸೌಂಡಿನಿಂದ ಪರೀಕ್ಷಿಸಿದಾಗ, ಮೇಲಣ ಸಂಗಮ ಸ್ವಸ್ಥವಾಗಿರುವಾಗಲೂ ಕೆಳಗಿನ ಯಾವುದೇ ತುಂಡಿನಲ್ಲಿ ದೋಷ ಸ್ವತಂತ್ರವಾಗಿ ತಲೆದೋರಬಹುದೆಂದು ಕಂಡುಬಂದಿತು. ನೂರು ವರ್ಷಗಳ ಚಿಕಿತ್ಸೆ ಒಂದು ಚಿತ್ರವನ್ನು ನಂಬಿಕೊಂಡಿತ್ತು. ಆ ಚಿತ್ರ ಕೆಲವು ಕಾಲುಗಳದಾಗಿತ್ತು, ಎಲ್ಲ ಕಾಲುಗಳದಲ್ಲ.

ರಚನಾಭೇದಗಳ ವಿಷಯದಲ್ಲಿ ೨೦೦೬ರ ಪತ್ರದ ಎರಡನೆಯ ಭಾಗ ನಿಜವಾಗಿಯೂ ಶ್ರೀಮಂತವಾಗಿದೆ. ದೊಡ್ಡ ಸಫೀನಸ್ ಸಿರೆ ಚರ್ಮದ ಕೆಳಗೆ ಸುಮ್ಮನೆ ಬಿದ್ದುಕೊಂಡಿಲ್ಲ. ಕೆಳಗೆ ಸ್ನಾಯುಗಳ ಪೊರೆ, ಮೇಲೆ ಇನ್ನೊಂದು ತೆಳುಪೊರೆ, ಇವೆರಡರ ನಡುವಣ ಕೋಶದಲ್ಲಿ ಅದು ಸಾಗುತ್ತದೆ. ಅಡ್ಡಕೊಯ್ತದ ಚಿತ್ರದಲ್ಲಿ ಪೊರೆಗಳು ರೆಪ್ಪೆಗಳಂತೆಯೂ ಸಿರೆ ಪಾಪೆಯಂತೆಯೂ ಕಾಣುವುದರಿಂದ ಇದನ್ನು ‘ಈಜಿಪ್ಟಿನ ಕಣ್ಣು’ ಎನ್ನುತ್ತಾರೆ. ಈ ಕಣ್ಣು ಒಂದು ಅಲಂಕಾರವಲ್ಲ, ಒಂದು ನಿಕಷ. ಕಣ್ಣಿನ ಒಳಗಿರುವುದು ಸಫೀನಸ್ ಸಿರೆ. ಹೊರಗಿರುವುದು, ಎಷ್ಟೇ ದಪ್ಪವಾಗಿರಲಿ, ಅದರ ಉಪಸಿರೆ. ಹಿಂದಿನ ಬರಹಗಳು ‘ಜೋಡಿ ಸಫೀನಸ್ ಸಿರೆ’ ಬಹಳ ಜನರಲ್ಲಿ ಇದೆಯೆಂದು ಹೇಳುತ್ತಿದ್ದವು. ಈ ನಿಕಷವನ್ನು ಬಳಸಿ ನೋಡಿದರೆ, ಒಂದೇ ಕಣ್ಣಿನಲ್ಲಿ ಎರಡು ಸಿರೆಗಳಿರುವ ನಿಜವಾದ ಜೋಡಿ ನೂರು ಕಾಲುಗಳಲ್ಲಿ ಒಂದೆರಡಕ್ಕಿಂತ ಹೆಚ್ಚಿಲ್ಲ. ಉಳಿದವುಗಳಲ್ಲಿ ಸಫೀನಸ್ ಸಿರೆಗೆ ಸಮಾಂತರವಾಗಿ ಓಡುವ ದಪ್ಪ ಉಪಸಿರೆಯನ್ನು ಜೋಡಿಯೆಂದು ಎಣಿಸಲಾಗಿತ್ತು.

ಇದಕ್ಕಿಂತ ಮುಖ್ಯವಾದ ಭೇದ ಇನ್ನೊಂದು. ಕೆಲವರಲ್ಲಿ ಸಫೀನಸ್ ಸಿರೆ ಹರಡಿನಿಂದ ತೊಡೆಸಂದಿನವರೆಗೆ ಕೋಶದೊಳಗೇ ಅಖಂಡವಾಗಿದೆ. ಕೆಲವರಲ್ಲಿ ಅದರ ಜೊತೆಗೆ ದಪ್ಪ ಉಪಸಿರೆಯೊಂದು ಕವಲೊಡೆದು ಚರ್ಮದ ಸಮೀಪ ಓಡುತ್ತದೆ. ಮತ್ತೆ ಕೆಲವರಲ್ಲಿ ಸಫೀನಸ್ ಸಿರೆಯ ಒಂದು ತುಂಡು ನೂಲಿನಂತೆ ಕೃಶವಾಗಿದೆ, ಇಲ್ಲವೆ ಕಾಣಿಸುವುದೇ ಇಲ್ಲ. ರಕ್ತವನ್ನೆಲ್ಲ ಉಪಸಿರೆಯೇ ಹೊರುತ್ತದೆ. ಈ ಮೂರನೆಯ ಬಗೆಯ ಕಾಲಿನಲ್ಲಿ ನಮ್ಮ ವಿದ್ಯಾರ್ಥಿಯ ನೇರಗೆರೆಯನ್ನು ನಂಬಿ ತಂತಿಯನ್ನೋ ಲೇಸರ್ ನೂಲನ್ನೋ ತೂರಿಸಹೊರಟವನಿಗೆ ದಾರಿ ನಡುವೆಯೇ ಕಡಿದುಹೋಗುತ್ತದೆ. ಚಿಕ್ಕ ಸಫೀನಸ್ ಸಿರೆಯ ಸ್ಥಿತಿ ಇನ್ನೂ ಚಂಚಲ. ಅದು ಆಳದ ಸಿರೆಯನ್ನು ಕೂಡುವ ಎಡೆ ಹಲವರಲ್ಲಿ ಮೊಣಕಾಲಿನ ಹಿಂದಣ ಗೆರೆಗಿಂತ ಎರಡು ನಾಲ್ಕು ಸೆಂಟಿಮೀಟರ್ ಮೇಲಿದೆ. ಕೆಲವರಲ್ಲಿ ಅದಕ್ಕೂ ಮೇಲೆ. ಕೆಲವರಲ್ಲಿ ಅದು ಅಲ್ಲಿ ಕೂಡದೆ ತೊಡೆಯ ಹಿಂಭಾಗಕ್ಕೆ ಏರಿಹೋಗುತ್ತದೆ. ಗೆರೆಯನ್ನೇ ನಂಬಿ ಕೊಯ್ದರೆ ಸಂಗಮ ಸಿಗುವುದಿಲ್ಲ. ಹುಡುಕುತ್ತ ಹೋದರೆ ಪಕ್ಕದ ನರಗಳಿಗೆ ಪೆಟ್ಟಾಗುತ್ತದೆ. ಸಿಗದೆ ಬಿಟ್ಟರೆ ರೋಗ ಮರಳುತ್ತದೆ.

ಇಷ್ಟನ್ನೆಲ್ಲ ಸ್ಪಷ್ಟವಾಗಿ ವರ್ಣಿಸಿದ ಪತ್ರದ ದೃಷ್ಟಿಯಲ್ಲಿ ನಮಗೆ ಒಂದು ಕೊರತೆ ಕಾಣುತ್ತದೆ. ‘ಭೇದ’ವೆನ್ನುವ ಮಾತೇ ‘ಮೂಲ’ವೊಂದನ್ನು ಊಹಿಸುತ್ತದೆ. ಪಠ್ಯಪುಸ್ತಕದ ಕಾಲು ಮೂಲ, ಉಳಿದವು ಅದರ ಅಪವಾದಗಳು ಎಂಬ ಭಾವನೆ ಇನ್ನೂ ಹೋಗಿಲ್ಲ. ಆಳದ ಪ್ರಧಾನ ಸಿರೆಗಳು ಬಹುಮಟ್ಟಿಗೆ ಅಪಧಮನಿಗಳ ಜೊತೆಯನ್ನು ಬಿಡುವುದಿಲ್ಲ. ಮೇಲ್ಪದರದ ಸಿರೆಗಳಿಗೆ ಅಂಥ ಜೊತೆಗಾರನಿಲ್ಲ, ಭ್ರೂಣಾವಸ್ಥೆಯ ಜಾಲದಲ್ಲಿ ಯಾವುದು ಉಳಿಯಿತೋ ಅದೇ ದಾರಿ. ಇಂತಹ ಕಡೆ ಬಗೆಗಳ ಸಮುದಾಯವೇ ಮೂಲ, ಏಕಚಿತ್ರವೇ ಕಲ್ಪನೆ. ಇದನ್ನು ಹೀಗೆ ಬಾಯಿಬಿಟ್ಟು ಹೇಳಿದ್ದರೆ ಪತ್ರದ ಬೋಧನಮೌಲ್ಯ ಇಮ್ಮಡಿಯಾಗುತ್ತಿತ್ತು.

೪

ಇನ್ನು ಪರೀಕ್ಷಾಕ್ರಮ. ಚಲಿಸುವ ಮೂಲದಿಂದ ಬರುವ ತರಂಗದ ಆವರ್ತಾಂಕ ಬದಲಾಗುತ್ತದೆಂದು ಡಾಪ್ಲರ್ ಹೇಳಿದುದು ೧೮೪೨ರಲ್ಲಿ. ೧೯೭೦ರ ದಶಕದಲ್ಲಿ ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಸ್ಟ್ರಾಂಡ್‌ನೆಸ್ ಮತ್ತು ಅವರ ಸಂಗಡಿಗರು ಅಂಗದ ಚಿತ್ರವನ್ನೂ ಪ್ರವಾಹದ ಡಾಪ್ಲರ್ ಸಂಕೇತವನ್ನೂ ಒಂದೇ ಉಪಕರಣದಲ್ಲಿ ಕೂಡಿಸಿದರು. ಇದೇ ಡ್ಯುಪ್ಲೆಕ್ಸ್ ವಿಧಾನ. ಇದರ ಸಾಮರ್ಥ್ಯ ದೊಡ್ಡದು, ಮಿತಿಯೂ ಉಂಟು. ತರಂಗದ ದಿಕ್ಕು ಪ್ರವಾಹಕ್ಕೆ ಲಂಬವಾಗಿದ್ದರೆ ಆವರ್ತಾಂಕದ ವ್ಯತ್ಯಾಸ ಶೂನ್ಯವಾಗುತ್ತದೆ. ಎಂದರೆ ಹರಿಯುತ್ತಿರುವ ರಕ್ತವೂ ನಿಂತಂತೆ ತೋರುತ್ತದೆ. ಯಂತ್ರ ಸುಳ್ಳು ಹೇಳುವುದಿಲ್ಲ. ಆದರೆ ಹಿಡಿದವನ ಕೈ ವಾರೆಯಾದರೆ ಯಂತ್ರ ಮೌನ ವಹಿಸುತ್ತದೆ.

ರೋಗಿಯನ್ನು ನಿಲ್ಲಿಸಿ, ಪರೀಕ್ಷಿಸುವ ಕಾಲಿನ ಮೇಲೆ ಭಾರ ಬೀಳದಂತೆ ನೋಡಿಕೊಂಡು, ಮೀನಖಂಡವನ್ನು ಒತ್ತಿ ಬಿಟ್ಟು ಪರೀಕ್ಷಿಸಬೇಕೆಂಬುದು ೨೦೦೬ರ ಪತ್ರದ ಅತ್ಯಂತ ಮುಖ್ಯವಾದ ವಿಧಿಯೆಂದು ನಾವು ಎಣಿಸುತ್ತೇವೆ. ಶವದ ಸಿರೆ ಮಲಗಿರುತ್ತದೆ, ಬರಿದಾಗಿರುತ್ತದೆ. ರೋಗವಿರುವುದು ನಿಂತ ಮನುಷ್ಯನ ತುಂಬಿದ ಸಿರೆಯಲ್ಲಿ. ಮಲಗಿಸಿ ಪರೀಕ್ಷಿಸಿದ ವರದಿಯನ್ನು ನಿಲ್ಲಿಸಿ ಪರೀಕ್ಷಿಸಿದ ವರದಿಯೊಡನೆ ಹೋಲಿಸುವುದು ಬೇಸಗೆಯ ಕೆರೆಯನ್ನು ಮಳೆಗಾಲದ ಕೆರೆಯೊಡನೆ ಹೋಲಿಸಿದಂತೆ.

ಆದರೆ ಈ ಪತ್ರ ಅರ್ಧ ಸೆಕೆಂಡಿನ ಎಲ್ಲೆಯನ್ನು ಸ್ವೀಕರಿಸುವಲ್ಲಿ ನಮಗೆ ಕೊಂಚ ಅಸಮಾಧಾನವಿದೆ. ಆರೋಗ್ಯವಂತ ಕವಾಟವೂ ಮುಚ್ಚಿಕೊಳ್ಳುವ ಮೊದಲು ಸ್ವಲ್ಪ ರಕ್ತ ಹಿಂದಕ್ಕೆ ಸರಿಯಬೇಕು. ಆ ಸ್ವಲ್ಪ ಎಷ್ಟು? ೧೯೮೯ರಲ್ಲಿ ಫಾನ್ ಬೆಮ್ಮೆಲೆನ್ ಮತ್ತು ಸಂಗಡಿಗರು ನಿಂತವರಲ್ಲಿ ಅಳೆದು, ಸ್ವಸ್ಥ ಕವಾಟಗಳಲ್ಲಿ ನೂರಕ್ಕೆ ೯೫ರಷ್ಟು ಅರ್ಧ ಸೆಕೆಂಡಿನೊಳಗೆ ಮುಚ್ಚುತ್ತವೆಂದು ತೋರಿಸಿದರು. ೨೦೦೩ರಲ್ಲಿ ಲಾಬ್ರೊಪೂಲೋಸ್ ಮತ್ತು ಸಂಗಡಿಗರು ಎಲ್ಲ ಸಿರೆಗಳಿಗೂ ಒಂದೇ ಎಲ್ಲೆ ಸಲ್ಲದೆಂದು ಹೇಳಿ, ತೊಡೆಯ ಮತ್ತು ಮೊಣಕಾಲಿನ ಹಿಂದಣ ಆಳದ ಪ್ರಧಾನ ಸಿರೆಗಳಿಗೆ ಒಂದು ಸೆಕೆಂಡನ್ನೂ, ಮೇಲ್ಪದರದ ಸಿರೆಗಳಿಗೂ ಮೀನಖಂಡದ ಆಳದ ಸಿರೆಗಳಿಗೂ ಅರ್ಧ ಸೆಕೆಂಡನ್ನೂ, ಪರ್ಫೊರೇಟರ್ ಸಿರೆಗಳಿಗೆ ೦.೩೫ ಸೆಕೆಂಡನ್ನೂ ಸೂಚಿಸಿದರು. ನೂರಕ್ಕೆ ೯೫ ಎಂದರೆ ಉಳಿದ ಐದು ಸ್ವಸ್ಥ ಕವಾಟಗಳು ಎಲ್ಲೆಯ ಆಚೆ ಇವೆ ಎಂದೇ ಅರ್ಥ. ಇದು ಗಣಿತದ ಎಲ್ಲೆ, ಪ್ರಕೃತಿಯ ಗಡಿಕಲ್ಲಲ್ಲ. ಅಲ್ಲದೆ ೨೦೧೨ರಲ್ಲಿ ಲೂರಿ ಮತ್ತು ಸಂಗಡಿಗರು ಹಲವು ಕೇಂದ್ರಗಳಲ್ಲಿ ಪರೀಕ್ಷಿಸಿ, ಹೊತ್ತು, ರೋಗಿಯ ಭಂಗಿ, ಒತ್ತುವ ವಿಧಾನ ಇವೆಲ್ಲವನ್ನೂ ಏಕರೀತಿಗೆ ತರಬೇಕೆಂದು ಕೇಳಿಕೊಂಡರು. ಅರ್ಧ ಸೆಕೆಂಡೆಂದು ಬರೆದು ಹೊತ್ತನ್ನೂ ಭಂಗಿಯನ್ನೂ ಬರೆಯದ ವರದಿ ಅಳತೆಯನ್ನು ಹೇಳಿ ಮಾನವನ್ನು ಹೇಳದ ವರದಿ.

ಏಕಚಿತ್ರವನ್ನು ಒಡೆದ ವಿದ್ಯೆ ಏಕಾಂಕವನ್ನು ಪ್ರತಿಷ್ಠಾಪಿಸಬಾರದು. ಇದೇ ನಮ್ಮ ಆಕ್ಷೇಪದ ತಿರುಳು.

೫

ಈ ಆಕ್ಷೇಪ ಕೇವಲ ತಾರ್ಕಿಕವಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ೧೮ರಿಂದ ೬೪ ವರ್ಷ ವಯಸ್ಸಿನ ೧೫೬೬ ಮಂದಿ ಸಾಮಾನ್ಯ ಜನರನ್ನು ಪರೀಕ್ಷಿಸಿದ ಅಧ್ಯಯನದ ಫಲಿತಾಂಶಗಳು ೧೯೯೯ರಲ್ಲಿ ಪ್ರಕಟವಾದವು. ವಯೋಭೇದವನ್ನು ಸರಿದೂಗಿಸಿ ನೋಡಿದಾಗ ಗಂಡಸರಲ್ಲಿ ನೂರಕ್ಕೆ ಸುಮಾರು ೪೦, ಹೆಂಗಸರಲ್ಲಿ ೩೨ ಜನರಿಗೆ ಕಾಂಡಸಿರೆಗಳ ಉಬ್ಬು ಇತ್ತು. ಆದರೆ ಕಾಲುನೋವು, ಭಾರ, ತುರಿಕೆ ಮೊದಲಾದ ಬಾಧೆಗಳಿಗೂ ಆ ಉಬ್ಬಿಗೂ ಇದ್ದ ಸಂಬಂಧ ಚಿಕಿತ್ಸೆಯನ್ನು ನಿರ್ಣಯಿಸುವಷ್ಟು ಗಟ್ಟಿಯಾಗಿರಲಿಲ್ಲ. ಸಿರೆ ಉಬ್ಬಿದ್ದರೂ ಬಾಧೆಯಿಲ್ಲದವರು ಇದ್ದರು. ಬಾಧೆಯಿದ್ದರೂ ಸಿರೆ ಉಬ್ಬದವರು ಇದ್ದರು. ಉಬ್ಬಿದ ಸಿರೆಯ ಮಾತೇ ಹೀಗಿರುವಾಗ, ತೆರೆಯ ಮೇಲೆ ಮಾತ್ರ ಕಾಣುವ ಹಿಮ್ಮುಖ ಪ್ರವಾಹವೊಂದನ್ನೇ ರೋಗವೆಂದು ಎಣಿಸಬಹುದೆ? ಫಾಬ್ರಿಸಿಯಸ್ ಬಾಗಿಲನ್ನು ಕಂಡು ಅರ್ಥವನ್ನು ತಪ್ಪಿದಂತೆ, ನಾವು ಪ್ರವಾಹವನ್ನು ಕಂಡು ರೋಗಿಯನ್ನು ತಪ್ಪುವ ಸಂಭವವಿದೆ.

ತಪ್ಪಿದರೆ ನಷ್ಟವೇನು ಎಂಬುದಕ್ಕೆ ಒಂದು ಮಾತು ಸಾಕು. ೧೯೬೭ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಫಾವಲೋರೋ ಹೃದಯದ ಅಪಧಮನಿಯ ತಡೆಯನ್ನು ಬಳಸಿ ಹಾಯಲು ರೋಗಿಯ ಸಫೀನಸ್ ಸಿರೆಯನ್ನೇ ಕಸಿಮಾಡಿದರು. ಅಂದಿನಿಂದ ಅದು ಹೃದಯದ ಶಸ್ತ್ರಚಿಕಿತ್ಸೆಗೆ ಮೀಸಲು ಧನದಂತಿದೆ. ಬಾಧೆಯಿಲ್ಲದ ಕಾಲಿನಲ್ಲಿ ಅರ್ಧ ಸೆಕೆಂಡಿನ ಕಾರಣಕ್ಕೆ ಆ ಸಿರೆಯನ್ನು ಸುಟ್ಟುಬಿಟ್ಟರೆ ಅದನ್ನು ಮರಳಿ ಪಡೆಯುವಂತಿಲ್ಲ. ಇನ್ನೊಂದೆಡೆ, ಹರಡಿನ ಹುಣ್ಣಿಗೆ ವರ್ಷಗಟ್ಟಲೆ ಬರಿಯ ಮುಲಾಮನ್ನು ಹಚ್ಚುತ್ತ, ಮೇಲಣ ಸಿರೆಯನ್ನು ಒಮ್ಮೆಯೂ ಪರೀಕ್ಷಿಸದಿರುವುದೂ ಅಷ್ಟೇ ದೊಡ್ಡ ತಪ್ಪು. ನಾವು ಪರೀಕ್ಷೆಯನ್ನು ಹಳಿಯುತ್ತಿಲ್ಲ. ಪರೀಕ್ಷೆಯ ತೀರ್ಪನ್ನು ರೋಗಿಯ ಕಾಲಿನೊಡನೆ, ರೋಗಿಯ ಮಾತಿನೊಡನೆ ಕೂಡಿಸಿ ಓದಬೇಕೆನ್ನುತ್ತೇವೆ. ೧೯೯೪ರಲ್ಲಿ ರೂಪುಗೊಂಡು ೨೦೦೪ರಲ್ಲಿಯೂ ೨೦೨೦ರಲ್ಲಿಯೂ ಪರಿಷ್ಕೃತವಾದ ‘ಸೀಪ್’ ವರ್ಗೀಕರಣವು ಹೊರಲಕ್ಷಣ, ಕಾರಣ, ಸ್ಥಾನ, ವಿಕಾರ ಎಂಬ ನಾಲ್ಕನ್ನೂ ಬೇರೆ ಬೇರೆಯಾಗಿ ಬರೆಯಲು ಹೇಳುವುದು ಇದೇ ವಿವೇಕದಿಂದ.

೬

ಕನ್ನಡದಲ್ಲಿ ಈ ವಿಷಯವನ್ನು ಬೋಧಿಸುವವರಿಗೆ ಒಂದು ಮಾತನ್ನು ಹೇಳಿ ಮುಗಿಸುತ್ತೇವೆ. ‘ಅಪಧಮನಿ’, ‘ಅಭಿಧಮನಿ’ ಎಂದು ನಮ್ಮ ಪಠ್ಯಪುಸ್ತಕಗಳು ಮಾಡಿಕೊಂಡಿರುವ ಜೋಡಿಯನ್ನು ಗಮನಿಸಿರಿ. ಹೃದಯದಿಂದ ಹೊರಡುವ ನಾಳಕ್ಕೂ ಹೃದಯಕ್ಕೆ ಮರಳುವ ನಾಳಕ್ಕೂ ಇಲ್ಲಿರುವ ಅಂತರ ಕಿವಿಗೆ ಒಂದೆರಡು ಅಕ್ಷರಗಳಷ್ಟೆ. ಅವಸರದಲ್ಲಿ ಟಿಪ್ಪಣಿ ಬರೆದುಕೊಳ್ಳುವ ವಿದ್ಯಾರ್ಥಿ ಒಂದರ ಬದಲು ಇನ್ನೊಂದನ್ನು ಬರೆದರೆ ಆಶ್ಚರ್ಯವಿಲ್ಲ. ಈ ಲೇಖನದಲ್ಲಿ ನಾವು ‘ಸಿರೆ’ ಎಂಬ ಹಳೆಯ ಮಾತನ್ನು ಬಳಸಿದುದು ಈ ಕಾರಣದಿಂದ. ಸುಶ್ರುತಸಂಹಿತೆಯು ಸಿರೆಗಳು ಏಳುನೂರು ಎಂದು ಎಣಿಸುತ್ತದೆ; ಅಲ್ಲಿಯ ಸಿರೆ ಇಂದಿನ ಅರ್ಥದ್ದೇ ಅಲ್ಲವೆಂಬುದು ನಮಗೆ ತಿಳಿಯದ ಸಂಗತಿಯಲ್ಲ. ಆದರೂ ಚಿಕ್ಕದಾಗಿ, ಬೇರೊಂದಕ್ಕೆ ಹೋಲದೆ ಇರುವ ಮಾತು ಅದು. ಜನರ ಬಾಯಲ್ಲಿಯಂತೂ ‘ನರ’ ಎಂಬ ಒಂದೇ ಮಾತು ಎಲ್ಲಕ್ಕೂ ಸಲ್ಲುತ್ತದೆ. ಉಬ್ಬಿದ ಸಿರೆಯೂ ನರ, ಜೋಮು ಹಿಡಿಸುವುದೂ ನರ, ಎಳೆದು ನೋಯುವ ಸ್ನಾಯುರಜ್ಜುವೂ ನರ. ‘ಕಾಲಿನ ನರ ಎಳೆಯುತ್ತದೆ’ ಎಂದು ಹೇಳುವ ರೋಗಿಯ ಮಾತನ್ನು ತಿದ್ದುವುದು ನಮ್ಮ ಕೆಲಸವಲ್ಲ. ಅದರಲ್ಲಿ ಯಾವುದು ಸಿರೆ, ಯಾವುದು ನರ ಎಂದು ಬಿಡಿಸಿಕೊಳ್ಳುವುದು ನಮ್ಮ ಕೆಲಸ.

ಒಟ್ಟಿನಲ್ಲಿ, ೨೦೦೨ರ ಪತ್ರ ನಮ್ಮ ನಾಲಗೆಯನ್ನು ತಿದ್ದಿತು. ೨೦೦೬ರ ಪತ್ರ ನಮ್ಮ ಕಣ್ಣನ್ನು ತಿದ್ದಿತು. ತಿದ್ದಬೇಕಾದುದು ಇನ್ನೂ ಒಂದಿದೆ, ಅದು ಎಲ್ಲ ಕಾಲುಗಳನ್ನೂ ಒಂದು ಚಿತ್ರಕ್ಕೆ ಅಥವಾ ಒಂದು ಅಂಕಿಗೆ ಇಳಿಸಬೇಕೆಂಬ ನಮ್ಮ ಹಳೆಯ ಆತುರ. ಮುಂದಿನ ವರ್ಷ ನಮ್ಮ ವಿದ್ಯಾರ್ಥಿ ಉತ್ತರಪತ್ರಿಕೆಯಲ್ಲಿ ಒಂದರ ಬದಲು ಮೂರು ಕಾಲುಗಳನ್ನು ಬರೆದು, ಮೂರರ ಕೆಳಗೂ ‘ಸಹಜ’ ಎಂದು ನಮೂದಿಸಿದರೆ, ಅವನಿಗೆ ಪೂರ್ಣ ಅಂಕಗಳನ್ನು ಕೊಡಲು ಪರೀಕ್ಷಕರು ಹಿಂಜರಿಯಬಾರದೆಂದು ನಮ್ಮ ವಿನಂತಿ.